ಕದ್ರಿ, 4068 ಮತ್ತು ಅತ್ತೆಯ ರಶೀದಿ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪ, ಬೆಳಿಗ್ಗೆ 6.14:
"🚩ಮಂಗಳೂರಿನ ಕದ್ರಿ ಮಂಜುನಾಥ ದೇವಸ್ಥಾನ 4068 ವರ್ಷ ಹಳೆಯದು!! ಶಾಸನದಲ್ಲೇ ಬರೆದಿದೆ!! ನಾಸಾ ವಿಜ್ಞಾನಿಗಳೂ ಬೆರಗಾಗಿದ್ದಾರೆ. ಇದನ್ನು ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಕಲಿಸುವುದಿಲ್ಲ. 11 ಜನರಿಗೆ ಕಳಿಸಿ, ಸಂಜೆಯೊಳಗೆ ಶುಭ ಸುದ್ದಿ.🚩"

ಜೊತೆಗಿದ್ದ ಫೋಟೋದಲ್ಲಿ ತಮಿಳುನಾಡಿನ ಕಡೆಯ ಆಕಾಶದೆತ್ತರದ ಗೋಪುರ. ಕದ್ರಿಗೆ ಹತ್ತು ನಿಮಿಷದ ದಾರಿಯಲ್ಲಿ ಮನೆ ಇರುವವರೂ ಅದಕ್ಕೆ ಕೈ ಮುಗಿದು 🙏 ಹಾಕಿದರು. ಏಳು ಗಂಟೆಯೊಳಗೆ ಹದಿನಾಲ್ಕು 🙏.

ಭಾವ: ಮಾವ, ಇದಕ್ಕೆ ಮೂಲ ಎಂತ ಉಂಟು?

ದೊಡ್ಡಪ್ಪ: ಶಾಸನ ಅಂತ ಬರೆದಿದೆಯಲ್ಲ.

ಭಾವ: ಯಾವ ಶಾಸನ ಅಂತ ಬರೆದಿಲ್ಲ. ಮತ್ತೆ ನಾಸಾದವರಿಗೆ ಕದ್ರಿಯಲ್ಲಿ ಎಂತ ಕೆಲಸ?

ದೊಡ್ಡಪ್ಪ: ಓದಿದವರ ಸಮಸ್ಯೆಯೇ ಇದು. ನಮ್ಮ ಹಿರಿಯರು ದೇವರ ವಯಸ್ಸು ಕೇಳಲಿಲ್ಲ, ಕೈ ಮುಗಿದರು. ಈಗಿನವರಿಗೆ ದೇವರೂ ಆಧಾರ್ ಕಾರ್ಡ್ ತೋರಿಸಬೇಕು.

ಅಕ್ಕ: ರೀ, ಬೆಳಿಗ್ಗೆ ಬೆಳಿಗ್ಗೆ ಅಪ್ಪನ ಹತ್ತಿರ ಸುಮ್ನೆ ಯಾಕೆ? ಕಾಫಿ ಆಗಿದೆ, ಬನ್ನಿ.

ಭಾವನನ್ನು ಮದುವೆಯ ದಿನ ದೊಡ್ಡಪ್ಪ 'ಅಳಿಯ ತುಂಬಾ ಓದಿದವ' ಎಂದು ಎಲ್ಲರಿಗೂ ಪರಿಚಯಿಸಿದ್ದರು. ಅದೇ ಮಾತು ಈಗ ಬೈಗುಳ. ಆದರೂ ಭಾವ ಕಾಫಿ ಬಿಟ್ಟು ಉದ್ದಕ್ಕೆ ಟೈಪ್ ಮಾಡಿದರು. ಅದನ್ನು ಯಾರೂ ಓದಿಲ್ಲ ಎಂಬ ಖಾತ್ರಿ ನನಗಿದೆ. ಹಾಗಾಗಿ ಇಲ್ಲಿ ಪೂರ್ತಿ ಹಾಕುತ್ತೇನೆ.

ಭಾವ: ಕದ್ರಿಯಲ್ಲಿ ಲೋಕೇಶ್ವರನ ಕಂಚಿನ ವಿಗ್ರಹ ಇದೆ. ಮೂರು ಮುಖ, ಆರು ಕೈ. ಅದರ ಪೀಠದಲ್ಲಿ ಸಂಸ್ಕೃತ ಶ್ಲೋಕ ಕೆತ್ತಿದ್ದಾರೆ. ತುಳುನಾಡನ್ನು ಆಳಿದ ಆಳುಪ ವಂಶದ ರಾಜ ಕುಂದವರ್ಮ ಈ ಲೋಕೇಶ್ವರನನ್ನು ಕದರಿಕಾ ಎಂಬ ವಿಹಾರದಲ್ಲಿ ಪ್ರತಿಷ್ಠೆ ಮಾಡಿದ ಅಂತ ಅದರಲ್ಲಿದೆ. ಯಾವಾಗ? ಕಲಿಯುಗದ 4068 ವರ್ಷ ಕಳೆದಾಗ. ಅಂದರೆ ಕ್ರಿ.ಶ. 968. ನಿಮ್ಮ ಫಾರ್ವರ್ಡಿನವರು ಕಲಿವರ್ಷವನ್ನೇ ದೇವಸ್ಥಾನದ ವಯಸ್ಸು ಮಾಡಿದ್ದಾರೆ. ಮತ್ತೆ ವಿಹಾರ ಅಂದರೆ ಬೌದ್ಧರದ್ದು. ಲೋಕೇಶ್ವರ ಅಂದರೆ ಬೌದ್ಧರ ಬೋಧಿಸತ್ವ ಅವಲೋಕಿತೇಶ್ವರ ಅಂತ ಹಲವು ವಿದ್ವಾಂಸರ ಅಭಿಪ್ರಾಯ. ತಮಾಷೆ ಎಂತ ಗೊತ್ತುಂಟಾ, ಅದೇ ಶ್ಲೋಕದಲ್ಲಿ ರಾಜ ತನ್ನನ್ನು ಚಂದ್ರನನ್ನು ಮುಡಿದವನ ಪಾದಕಮಲದ ದುಂಬಿ ಅಂತ ಕರೆದುಕೊಂಡಿದ್ದಾನೆ. ಅಂದರೆ ಶಿವಭಕ್ತ.

ಸಾವಿರ ವರ್ಷದ ಹಿಂದೆ ಒಬ್ಬ ಶಿವಭಕ್ತ ರಾಜ ವಿಹಾರದಲ್ಲಿ ಲೋಕೇಶ್ವರನನ್ನು ನಿಲ್ಲಿಸಿದ, ಅದನ್ನು ಬರೆಸಿಯೂ ಇಟ್ಟ. ಅವನಿಗಿಲ್ಲದ ತಲೆಬಿಸಿ ನಮ್ಮ ಗುಂಪಿಗೆ ಶುರುವಾಯಿತು.

ದೊಡ್ಡಪ್ಪ: ಬೌದ್ಧ ಅಂದೆಯಾ? ನಾಳೆ ಮಂಜುನಾಥನೇ ಇಲ್ಲ ಅನ್ನುತ್ತೀಯ.

ಭಾವ: ಮಾವ, ಶಿವಭಕ್ತ ಅಂತಲೂ ಬರೆದಿದ್ದೇನೆ. ಕೊನೆಯ ಸಾಲು ನೋಡಿ.

ದೊಡ್ಡಪ್ಪ: ಕೊನೆಯ ಸಾಲು ನಾನು ಓದುವುದಿಲ್ಲ.

ಬೆಂಗಳೂರು ಅಕ್ಕ: ಕದ್ರಿ ಅಂದ ಕೂಡಲೇ ನನಗೆ ಗೋಮುಖದ ನೀರೇ ನೆನಪು. ಸಂಕ್ರಾಂತಿಯ ಚಳಿಯಲ್ಲಿ ಅಜ್ಜಿ ಕೆರೆಯಲ್ಲಿ ಮುಳುಗಿಸಿದ್ದು, ಹಲ್ಲು ಕಟಕಟ. ಆಮೇಲೆ ಗುಡ್ಡ ಹತ್ತಿ ಜೋಗಿ ಮಠ, ಪಾಂಡವರ ಗುಹೆ. ಪಾರ್ಕಿನಲ್ಲಿ ಪುಟಾಣಿ ರೈಲು. ಕೊನೆಗೆ ಗಡ್‌ಬಡ್ ಐಸ್‌ಕ್ರೀಮ್. ಬಸ್ಸಿನಲ್ಲಿ ಯಾರೋ ವಾಂತಿ ಮಾಡಿದ್ದು 😂

ಚಿಕ್ಕಪ್ಪ: ಅದು ನಿನ್ನ ತಮ್ಮ.

ತಮ್ಮ: ನಾನಲ್ಲ. ನನಗೆ ಆ ವರ್ಷ ಗಡ್‌ಬಡ್ ಕೊಡಿಸಲೇ ಇಲ್ಲ.

ಅರ್ಧ ಗಂಟೆ ಗಡ್‌ಬಡ್ಡಿನಲ್ಲೇ ಹೋಯಿತು. ಯಾರಿಗೆ ಕೊಡಿಸಿದ್ದು, ಯಾರಿಗೆ ಬರೀ ಐಸ್‌ಕ್ಯಾಂಡಿ. ಅಷ್ಟರಲ್ಲಿ ಮುಂಬೈ ಅತ್ತೆ ಎದ್ದರು.

ಮುಂಬೈ ಅತ್ತೆ: ಅಣ್ಣ, ಸಾವಿರ ವರ್ಷದ ಶಾಸನ ಇರಲಿ. ನಮ್ಮೂರ ದೇವಸ್ಥಾನದ ಜೀರ್ಣೋದ್ಧಾರದ ಶಾಸನದ ಬಗ್ಗೆ ಹೇಳು. ತೀರ್ಥಮಂಟಪದ ಮಾಡಿಗೆ ತಾಮ್ರ ಹೊದಿಸಲು ದುಡ್ಡು ಕೊಟ್ಟದ್ದು ಯಾರು?

ದೊಡ್ಡಪ್ಪ: ಕುಟುಂಬಸ್ಥರು ಅಂತ ಕಲ್ಲಿನಲ್ಲಿ ಹಾಕಿಸಿದ್ದೇವಲ್ಲ.

ಮುಂಬೈ ಅತ್ತೆ: ಆ ಕುಟುಂಬಸ್ಥರು ಯಾರು? ನಾನೊಬ್ಬಳೇ! ಪುನಃಪ್ರತಿಷ್ಠೆಯ ಬ್ರಹ್ಮಕಲಶದ ಆಮಂತ್ರಣದಲ್ಲೂ ಹೆಸರಿಲ್ಲ. ಹೊರೆಕಾಣಿಕೆಗೆ ತೆಂಗಿನಕಾಯಿ ಕೊಟ್ಟವರ ಹೆಸರು ಸಹ ಇತ್ತು.

ದೊಡ್ಡಪ್ಪ: ದೇವರ ಕೆಲಸದಲ್ಲಿ ಹೆಸರು ನೋಡಬಾರದು ತಂಗಿ.

ಮುಂಬೈ ಅತ್ತೆ: ನಿನ್ನ ಹೆಸರು ಮೂರು ಕಡೆ ಉಂಟು ಅಣ್ಣ. ಸಮಿತಿಯಲ್ಲಿ, ಸ್ವಾಗತದಲ್ಲಿ, ಧನ್ಯವಾದದಲ್ಲಿ.

ಇಲ್ಲಿ ಚಿಕ್ಕಪ್ಪ ಒಂದು ಮಾತು ಹಾಕಿದರು. ಇಡೀ ದಿನದಲ್ಲಿ ಕೆಲಸಕ್ಕೆ ಬರುವ ಮಾತು ಅದೊಂದೇ.

ಚಿಕ್ಕಪ್ಪ: ಹೆಸರು ಬಿಡಿ. ಹಳೆ ಗುಡಿ ಬಿಚ್ಚುವಾಗ ಮೆಟ್ಟಿಲ ಬುಡದಲ್ಲಿ ಒಂದು ಕಲ್ಲು ಸಿಕ್ಕಿತ್ತಲ್ಲ, ಅಕ್ಷರ ಇದ್ದದ್ದು? ಅದು ಈಗ ನಳ್ಳಿಯ ಕೆಳಗೆ ಕಾಲು ತೊಳೆಯುವ ಕಲ್ಲು. ಮೇಲಿನ ಎರಡು ಸಾಲು ಸವೆದು ಹೋಗಿದೆ. ದೇವರನ್ನು ತಾತ್ಕಾಲಿಕ ಗುಡಿಗೆ, ಬಾಲಾಲಯಕ್ಕೆ, ಕರೆದುಕೊಂಡು ಹೋಗುವ ಮೊದಲು ಜ್ಯೋತಿಷಿಗಳನ್ನು ಕರೆಸಿ ಅಷ್ಟಮಂಗಲ ಪ್ರಶ್ನೆ ಇಟ್ಟೆವು. ಕಲ್ಲಿನ ಫೋಟೋ ಮಾತ್ರ ಯಾರೂ ತೆಗೆಯಲಿಲ್ಲ.

ಇದಕ್ಕೆ ಬಂದದ್ದು ಒಂದು 👍. ಅದೂ ಸಾವಿನ ಸುದ್ದಿಗೂ 👍 ಹಾಕುವ ಸಣ್ಣ ಮಾವನದ್ದು. ನಮ್ಮ ಕಡೆ ಜೀರ್ಣೋದ್ಧಾರ ಅಂದರೆ ಮುರಕಲ್ಲಿನ ಗೋಡೆ ಹೋಗಿ ನುಣ್ಣಗಿನ ಕಲ್ಲು ಬರಬೇಕು, ಮರದ ಮುಚ್ಚಿಗೆ ಇದ್ದಲ್ಲಿ ಕಾಂಕ್ರೀಟ್ ಬರಬೇಕು. ಬಿಚ್ಚುವ ಮುಂಚೆ ಅಳತೆ, ಫೋಟೋ, ಅಕ್ಷರವಿದ್ದರೆ ಕಾಗದದ ಮೇಲೆ ಅದರ ಪಡಿಯಚ್ಚು ತೆಗೆದಿಡಲು ಎಷ್ಟು ಖರ್ಚು? ಬ್ರಹ್ಮಕಲಶದ ಪೆಂಡಾಲಿನ ಒಂದು ಕಂಬದಷ್ಟೂ ಇಲ್ಲ. ನಾನು ಇದನ್ನೇ ಟೈಪ್ ಮಾಡುತ್ತಿದ್ದೆ. ಕಳಿಸುವ ಮೊದಲೇ ದೊಡ್ಡಪ್ಪನದ್ದು ಬಂತು.

ದೊಡ್ಡಪ್ಪ: ಅಂದರೆ ಸಮಿತಿಯವರು ಕಳ್ಳರು ಅಂತ ನಿನ್ನ ಅರ್ಥವಾ?

ಚಿಕ್ಕಪ್ಪ: ಕಲ್ಲಿನ ವಿಷಯ ಹೇಳಿದೆ ಅಣ್ಣ.

ದೊಡ್ಡಪ್ಪ: ಜಾಗದ ಪಾಲಿನ ದಿನವೂ ನೀನು ಹೀಗೇ ಮಾತಾಡಿದ್ದು.

ಅಡ್ಮಿನ್ ಅಕ್ಕ ಎರಡು ಸಲ 'ದಯವಿಟ್ಟು ಕುಟುಂಬದ ವಿಷಯ ಮಾತ್ರ' ಎಂದು ಹಾಕಿದರು. ಇದೇ ಕುಟುಂಬದ ವಿಷಯ ಎಂದು ಅವರಿಗೆ ಹೇಳುವವರು ಯಾರು?

ಭಾವ: ಮಾವ, ಒಂದೇ ಮಾತು. ಕುಂದವರ್ಮ ವಿಗ್ರಹ ಕೊಟ್ಟ, ಪೀಠದಲ್ಲಿ ಹೆಸರನ್ನೂ ಹಾಕಿಸಿದ. ಹಾಗೆ ಹಾಕಿಸಿದ್ದಕ್ಕೇ ನಮಗೆ ಇವತ್ತು ಅವನು ಗೊತ್ತು. ಅತ್ತೆಯ ಹೆಸರು ಹಾಕಿಸಿದರೆ ಎಂತ ಹೋಗ್ತದೆ?

ಮುಂಬೈ ಅತ್ತೆ: ಅಳಿಯ ಬುದ್ಧಿವಂತ. ನಾನು ಮದುವೆಯ ದಿನವೇ ಹೇಳಿದ್ದೆ.

ದೊಡ್ಡಪ್ಪ ಹತ್ತು ನಿಮಿಷ ಟೈಪ್ ಮಾಡುತ್ತಲೇ ಇದ್ದರು. ನಿಲ್ಲಿಸಿದರು. ಮತ್ತೆ ಟೈಪ್ ಮಾಡಿದರು.

ದೊಡ್ಡಪ್ಪ: ಸಮಿತಿಗೆ ರಶೀದಿ ಬೇಕು. ಹಾಗೆ ಬಾಯಿಮಾತಿಗೆಲ್ಲ ಕಲ್ಲು ಕೆತ್ತಲು ಆಗುವುದಿಲ್ಲ.

ಮುಂಬೈ ಅತ್ತೆ: ಲ್ಯಾಮಿನೇಶನ್ ಮಾಡಿಸಿ ಇಟ್ಟಿದ್ದೇನೆ. ಫೋಟೋ ಕಳಿಸಲಾ, ಇಲ್ಲಾ ಜಾತ್ರೆಗೆ ಬರುವಾಗ ತರಲಾ?