ಕ್ರೀಡಾಂಗಣ ಬರಲಿ, ಅದರ ಜೊತೆ ಕೊನೆಯ ಬಸ್ಸೂ ಬರಲಿ

ಸಂಚಾಲಕಿ (3ನೇ ಕ್ರಾಸ್), ಗುರುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಹಿಂದಿನ ಜಾಗದಲ್ಲಿ ಒಳಾಂಗಣ ಕ್ರೀಡಾಂಗಣ ಕಟ್ಟುವ ಪ್ರಸ್ತಾವದ ಬಗ್ಗೆ ಈ ವಾರವಿಡೀ ನಮ್ಮ ಈ ಗುಂಪಿನಲ್ಲಿ ಬಿಡಿಬಿಡಿಯಾಗಿ ಮಾತು ನಡೀತಾ ಇದೆ. ಭಾನುವಾರದ ಸಭೆಗೆ ಒಂದು ಮನವಿ ತಯಾರಾಗಬೇಕು, ಹಾಗಾಗಿ ಇನ್ನು ಮುಂದಿನ ಮಾತೆಲ್ಲ ಇದರ ಕೆಳಗೇ ಬರೆಯಿರಿ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೇನೆ. ಕ್ರೀಡಾಂಗಣವೇ ಬೇಡ ಎನ್ನುವ ಮನವಿಗೆ ನಾನು ಸಹಿ ಹಾಕುವುದಿಲ್ಲ. ಶಿರಸಿಯ ಮಳೆಗಾಲದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಕ್ಕಳಿಗೆ ಮೈದಾನವೇ ಇಲ್ಲ. ಶಾಲೆಯ ಜಗಲಿಯಲ್ಲಿ, ಕಂಬಗಳ ನಡುವೆ, ಕಬಡ್ಡಿ ಪಟ್ಟು ಕಲಿಯುವ ಹುಡುಗಿಯರನ್ನು ನಾನು ಕೆಲಸದಲ್ಲಿದ್ದಷ್ಟು ವರ್ಷವೂ ನೋಡಿದ್ದೇನೆ. ಮೊಣಕೈ ಕಂಬಕ್ಕೆ ತಾಗೀತು ಅಂತ ಅರ್ಧಕ್ಕೇ ಪಟ್ಟು ಬಿಡ್ತಿದ್ದರು. ಸೂರಿರುವ ಅಂಗಳ ಅವರಿಗೆ ಸಿಗಲೇಬೇಕು.

ಆದರೆ ಬನವಾಸಿ ರಸ್ತೆಯಿಂದ ಆ ಜಾಗಕ್ಕೆ ಹೋಗಲು ಇರುವುದು ಒಂದೇ ದಾರಿ, ಅದು ನಮ್ಮ ಮನೆಗಳ ಮುಂದಿನದು. ಮಾರಿಕಾಂಬಾ ಕ್ರೀಡಾಂಗಣ ಪೇಟೆಯಲ್ಲೇ ಇರುವುದರಿಂದ ಬಸ್ ಇಳಿದವರು ನಡೆದು ಹೋಗ್ತಾರೆ. ಊರ ಹೊರಗೆ ಕಟ್ಟಿದರೆ ನೋಡಲು ಬರುವವರು ಗಾಡಿ ತಂದೇ ತರ್ತಾರೆ. ಹಿಂದಿನ ಸಲ ಈ ಪ್ರಸ್ತಾವದ ಜಾಗದಲ್ಲಿ ವಾಲಿಬಾಲ್ ನಡೆದಾಗ ನಿಮ್ಮ ಗೇಟಿನ ಮುಂದೆ ಏನಾಯ್ತು ಅಂತ ದಯವಿಟ್ಟು ಬರೆಯಿರಿ. ಸಿಟ್ಟು ಬೇಡ, ನಡೆದದ್ದು ಸಾಕು.

5ನೇ ಕ್ರಾಸ್, ಮೂಲೆ ಮನೆ

ಅಕ್ಕೋರೆ, ಆ ರಾತ್ರಿ ಅಪ್ಪಯ್ಯನಿಗೆ ಉಸಿರು ಕಟ್ಟಿತ್ತು. ಆ್ಯಂಬುಲೆನ್ಸ್ ಬನವಾಸಿ ರಸ್ತೆ ತನಕ ಬೇಗನೇ ಬಂತು, ನಮ್ಮ ಕ್ರಾಸಿಗೆ ತಿರುಗಲು ಆಗಲಿಲ್ಲ. ಎರಡೂ ಬದಿ ಗಟಾರದ ಚಪ್ಪಡಿ ಮೇಲೆ ಬೈಕು, ಎಲ್ಲದಕ್ಕೂ ಹ್ಯಾಂಡಲ್ ಲಾಕ್. ತಿರುವಿನಲ್ಲಿ ಒಂದು ಜೀಪು. ಸ್ಟ್ರೆಚರ್ ಹಿಡಿದು ನಾನು, ತಮ್ಮ, ಮತ್ತೆ ಪಂದ್ಯ ನೋಡಲು ಬಂದಿದ್ದ ಇಬ್ಬರು ಹುಡುಗರು ಮುಖ್ಯ ರಸ್ತೆ ತನಕ ಹೊತ್ತುಕೊಂಡು ಹೋದ್ವಿ. ಆ ಹುಡುಗರದ್ದೂ ಬೈಕು ಅಲ್ಲೇ ಇತ್ತು. ಬೇರೆಲ್ಲಿ ನಿಲ್ಲಿಸಬೇಕು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಅಪ್ಪಯ್ಯ ಈಗ ಆರಾಮಾಗಿದ್ದಾರೆ.

1ನೇ ಕ್ರಾಸ್, ಟ್ಯಾಂಕಿ ಎದುರು

ಇಷ್ಟೆಲ್ಲ ಗೊತ್ತಿದ್ದ ಮೇಲೂ ಕ್ರೀಡಾಂಗಣ ಬೇಕು ಅಂತೀರಲ್ಲ ಅಕ್ಕೋರೆ? ಜಾಗ ಬೇರೆ ನೋಡಿ ಅಂತ ಒಂದೇ ಸಾಲು ಬರೆದು ಕೊಡಿ. ನನ್ನ ಸಹಿ ಅದಕ್ಕೆ ಮಾತ್ರ.

4ನೇ ಕ್ರಾಸ್, ತೋಟದ ಮನೆ

ಬೇರೆ ಜಾಗ ಯಾಕೆ? ನಮ್ಮ ಕೆಳಗಿನ ಗದ್ದೆ 30 ಗುಂಟೆ ಖಾಲಿ ಬಿದ್ದಿದೆ. ಪಾರ್ಕಿಂಗಿಗೆ ಬಾಡಿಗೆಗೆ ಕೊಡಲು ನಾನು ತಯಾರು.

ನಿವೃತ್ತ ಇಂಜಿನಿಯರ್ (2ನೇ ಕ್ರಾಸ್)

ತೋಟದ ಮನೆ ಅಣ್ಣ ಮನಸ್ಸು ಮಾಡಿದ್ದು ಒಳ್ಳೇದಾಯ್ತು, ಆದರೆ ಲೆಕ್ಕ ಹಾಕೋಣ. ಬಯಲಲ್ಲಿ ಒಂದು ಕಾರಿಗೆ, ತಿರುಗಿಸುವ ಜಾಗವೂ ಸೇರಿ, 23 ಚದರ ಮೀಟರ್ ಹಿಡಿಯುತ್ತಾರೆ. ಅಂದರೆ ಸುಮಾರು 250 ಚದರ ಅಡಿ. ಗುಂಟೆಗೆ 1,089 ಚದರ ಅಡಿ, ಹಾಗಾಗಿ ಗುಂಟೆಗೆ ನಾಲ್ಕೇ ಕಾರು. ನಿಮ್ಮ 30 ಗುಂಟೆಯಲ್ಲಿ 120, ಒತ್ತಿ ನಿಲ್ಲಿಸಿದರೆ 130. ಒಂದು ದೊಡ್ಡ ಪಂದ್ಯಕ್ಕೆ 2,000 ಜನ ನಾಲ್ಕು ನಾಲ್ಕು ಮಂದಿಯಾಗಿ ಕಾರಲ್ಲಿ ಬಂದರು ಅಂತಿಟ್ಟುಕೊಳ್ಳಿ, 500 ಕಾರು, ಮೂರು ಎಕರೆ ಹತ್ತಿರ ಬೇಕು. ಅದೇ 2,000 ಜನ ಬಸ್ಸಲ್ಲಿ ಬಂದರೆ 50 ಆಸನದ 40 ಬಸ್ಸು. ಬಸ್ಸು ಇಲ್ಲಿ ನಿಲ್ಲಬೇಕಂತಲೂ ಇಲ್ಲ, ಇಳಿಸಿ ಡಿಪೋಗೆ ಹೋಗಿ ಪಂದ್ಯ ಮುಗಿಯೋ ಹೊತ್ತಿಗೆ ಬಂದರೆ ಸಾಕು.

ಇನ್ನೊಂದು ವಿಷಯ. ಒಳಾಂಗಣ ಕ್ರೀಡಾಂಗಣ ಹೆಚ್ಚು ಬಳಕೆಯಾಗೋದೇ ಮಳೆಗಾಲದಲ್ಲಿ. ಆಗ ಗದ್ದೆಗೆ ಇಳಿಸಿದ ಕಾರು ಮೇಲೆ ಬರಲು ಟ್ರ್ಯಾಕ್ಟರ್ ಬೇಕು. ಮಣ್ಣು ತುಂಬಿಸಿ ಗಟ್ಟಿ ಮಾಡಿದರೆ ಈಗ ಗದ್ದೆಯಲ್ಲಿ ನಿಲ್ಲುವ ನೀರು ಎಲ್ಲಿಗೆ ಹರಿಯುತ್ತೆ? 5ನೇ ಕ್ರಾಸಿನ ಅಂಗಳಕ್ಕೆ. ನಕ್ಷೆಯಲ್ಲಿ ‘ಪಾರ್ಕಿಂಗ್’ ಅಂತ ಹಸಿರು ಚೌಕ ತೋರಿಸಿದರೆ ಈ ಎರಡೂ ಪ್ರಶ್ನೆ ಕೇಳಲೇಬೇಕು.

ಕಾಲೇಜು ಹುಡುಗ (ಬಾಡಿಗೆ ಕೋಣೆ, 3ನೇ ಕ್ರಾಸ್)

ನಾನು ಇಲ್ಲಿನವನಲ್ಲ, ವಾನಳ್ಳಿ ಕಡೆಯವನು, ಆದರೂ ಹೇಳ್ತೇನೆ. ನಮ್ಮೂರಿಂದ ಪಂದ್ಯ ನೋಡಲು ಬರುವ ಹೆಚ್ಚಿನವರಿಗೆ ಕಾರಿಲ್ಲ, ಬೈಕಲ್ಲೇ ಬರ್ತಾರೆ. ಬರುವಾಗ ಬಸ್ಸಿದೆ, ಹೋಗುವಾಗ ಇಲ್ಲ. ಕತ್ತಲಾದ ಮೇಲೆ ಹಳ್ಳಿಗೆ ಹೋಗೋದು ವಸ್ತಿ ಬಸ್ಸೊಂದೇ, ಸೆಮಿಫೈನಲ್ ಶುರುವಾಗುವ ಹೊತ್ತಿಗೆ ಅದು ಹೊರಟಿರುತ್ತೆ. ಅದಕ್ಕೇ ಒಂದು ಬೈಕಲ್ಲಿ ಮೂರು ಜನ, ಒಂದೇ ಹೆಲ್ಮೆಟ್, ಕಾಡಿನ ತಿರುವು ರಸ್ತೆಯಲ್ಲಿ ರಾತ್ರಿ ವಾಪಸ್. ನಮ್ಮ ಮನೆಯವರಿಗೂ ಇದು ಇಷ್ಟ ಇಲ್ಲ. ವಾಪಸ್ ಬಸ್ಸು ಖಾತ್ರಿ ಅಂತ ಗೊತ್ತಿದ್ದರೆ ಬೈಕು ಯಾರು ತರ್ತಾರೆ?

ಸಂಚಾಲಕಿ (3ನೇ ಕ್ರಾಸ್), ಶುಕ್ರವಾರ ಬೆಳಿಗ್ಗೆ

ತಮ್ಮಾ, ನಮ್ಮ ಮನವಿಯ ಮೊದಲ ಸಾಲು ನೀನೇ ಬರೆದುಕೊಟ್ಟೆ. ಇಷ್ಟು ದಿನ ನಾವು ಗೇಟಿನ ಮುಂದಿನ ಗಾಡಿಯನ್ನೇ ನೋಡ್ತಾ ಇದ್ದೆವು. ಆ ಗಾಡಿ ಇಲ್ಲಿಗೆ ಬರುವುದಕ್ಕೆ ಕಾರಣ ಬಸ್ ನಿಲ್ದಾಣದ ವೇಳಾಪಟ್ಟಿಯಲ್ಲಿದೆ. ಪಾರ್ಕಿಂಗ್ ದೊಡ್ಡದು ಮಾಡಿ ಅಂತಷ್ಟೇ ಕೇಳಿದರೆ ಇನ್ನೂ ಹೆಚ್ಚು ಗಾಡಿಯನ್ನು ನಾವೇ ಕರೆದ ಹಾಗೆ. ಬಸ್ಸು ಮೊದಲು, ಉಳಿದ ಗಾಡಿಗೆ ಜಾಗ ಆಮೇಲೆ. ಈ ಕ್ರಮ ಬದಲಾಗಬಾರದು.

ಕಂಡಕ್ಟರ್ ಅಣ್ಣ, ನೀವು ಹೇಳಿ. ಪಂದ್ಯ ಮುಗಿಯುವ ತನಕ ವಸ್ತಿ ಬಸ್ಸನ್ನೇ ನಿಲ್ಲಿಸಿಕೊಳ್ಳಲು ಆಗುತ್ತಾ?

ನಿವೃತ್ತ ಕಂಡಕ್ಟರ್ (6ನೇ ಕ್ರಾಸ್)

ಆಗೋದಿಲ್ಲ ಅಕ್ಕೋರೆ, ಕೇಳಲೂ ಬೇಡಿ. ವಸ್ತಿ ಬಸ್ಸಿನ ಡ್ರೈವರ್, ಕಂಡಕ್ಟರ್ ಹಳ್ಳಿಯಲ್ಲಿ ಮಲಗಿ ನಸುಕಿಗೇ ಎದ್ದು ಶಾಲೆ ಮಕ್ಕಳನ್ನ, ಹಾಲಿನ ಕ್ಯಾನಿನವರನ್ನ ಕರಕೊಂಡು ಬರಬೇಕು. ರಾತ್ರಿ ತಡ ಮಾಡಿದರೆ ಅವರ ನಿದ್ದೆಗೆ ಕುತ್ತು, ಬೆಳಿಗ್ಗೆ ಸ್ಟೇರಿಂಗ್ ಹಿಡಿಯೋದೂ ಅವರೇ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ 1961ರಿಂದಲೇ ಇದೆ, ದಿನಕ್ಕೆ ಎಂಟು ತಾಸು ದುಡಿಮೆ ಅಂತ.

ಕೇಳಬೇಕಾದ್ದು ಹೆಚ್ಚುವರಿ ಬಸ್ಸು, ಬೇರೆ ಸಿಬ್ಬಂದಿ ಜೊತೆಗೆ. ಅದೇನು ಹೊಸದಲ್ಲ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆ ಜಾತ್ರೆಗೆ ನಾವೆಲ್ಲ ಇದೇ ಡ್ಯೂಟಿ ಮಾಡಿದವರು. ಜಾತ್ರೆ ನಡೆಯುವ ಬಿಡ್ಕಿಬೈಲಿಗೆ ಬಂದ ಜನ ನಡುರಾತ್ರಿಯಲ್ಲೂ ಊರು ಸೇರ್ತಾರೆ ಅಂದರೆ ಅದು ಹೆಚ್ಚುವರಿ ಬಸ್ಸಿಂದ. ಬೇರೆ ಕಡೆಯ ಬಸ್ಸುಗಳೂ ಬರ್ತಾವೆ.

ಒಂದು ಸೂಕ್ಷ್ಮ ಇದೆ, ಮನವಿ ಬರೆಯುವಾಗ ಗಮನ ಇಡಿ. ಪಂದ್ಯ ನಡೆಸೋರು ಬಸ್ಸು ಬಾಡಿಗೆಗೆ ತಗೊಂಡರೆ ಅದಕ್ಕೆ ‘ಪ್ರಾಸಂಗಿಕ ಕರಾರು’ ಅಂತಾರೆ. ಅದರಲ್ಲಿ ಶಕ್ತಿ ಯೋಜನೆ ನಡೆಯೋದಿಲ್ಲ. ಮಾಮೂಲಿ ಮಾರ್ಗದಲ್ಲಿ ಹೆಚ್ಚುವರಿ ಸಾಮಾನ್ಯ ಬಸ್ಸು ಅಂತ ಬಿಡಿಸಿದರೆ ಹೆಂಗಸರಿಗೆ, ಹುಡುಗಿಯರಿಗೆ ಟಿಕೆಟ್ ದುಡ್ಡಿಲ್ಲ. 2023ರ ಜೂನ್ 11ರಿಂದ ಅದು ಅವರ ಹಕ್ಕು. ನೀವು ಹೇಳಿದ ಕಬಡ್ಡಿ ಹುಡುಗಿಯರು ದಿನಾ ಅಭ್ಯಾಸಕ್ಕೆ ಬರಬೇಕಲ್ಲ, ಅವರಿಗೆ ಪಂದ್ಯದ ದಿನದ ಬಸ್ಸಿಗಿಂತ ದಿನನಿತ್ಯದ ಬಸ್ಸು ಮುಖ್ಯ. ಪೇಟೆಯಿಂದ ಬನವಾಸಿ ರಸ್ತೆ ಹಿಡಿದು ಹೋಗೋ ಬಸ್ಸಿಗೆ ನಮ್ಮ ಕ್ರಾಸಲ್ಲಿ ಅಧಿಕೃತ ನಿಲುಗಡೆ ಕೇಳಿ. ಈಗ ಕೈ ಅಡ್ಡ ಹಿಡಿದರೆ ಡ್ರೈವರ್ ಮನಸ್ಸಿದ್ದರೆ ನಿಲ್ಲಿಸ್ತಾನೆ ಅಷ್ಟೇ. ಶಿರಸಿಗೆ ರೈಲಿಲ್ಲ, ಬಸ್ಸೇ ಗತಿ. ಸಾರಿಗೆ ಸಂಸ್ಥೆಯ ವಿಭಾಗೀಯ ಕಚೇರಿ ನಮ್ಮೂರಲ್ಲೇ ಇದೆ, ಕೇಂದ್ರ ಕಚೇರಿಗೆ ಅಂತ ಹುಬ್ಬಳ್ಳಿಗೆ ಓಡೋದು ಬೇಕಿಲ್ಲ. ಅರ್ಜಿ ವಿಭಾಗೀಯ ನಿಯಂತ್ರಣಾಧಿಕಾರಿಗಳ ಹೆಸರಿಗೆ ಇರಲಿ, ಪ್ರತಿ ಸಂಚಾರ ಅಧಿಕಾರಿಗೆ.

ಬೆಂಗಳೂರಲ್ಲಿ ಕೆಲಸ, ಮನೆ 2ನೇ ಕ್ರಾಸ್

ಕಂಡಕ್ಟರ್ ಮಾಮ ಹೇಳಿದ್ದು ಇಲ್ಲಿ ನಡೆಯುತ್ತೆ. ಚಿನ್ನಸ್ವಾಮಿಯಲ್ಲಿ ಐಪಿಎಲ್ ಇದ್ದ ದಿನ ಮೆಟ್ರೊ ಹೆಚ್ಚು ಹೊತ್ತು ಓಡ್ತಾ ಇತ್ತು, ವಾಪಸ್ ಟಿಕೆಟ್ ಮೊದಲೇ ಮಾರ್ತಿದ್ದರು. 2006ರಲ್ಲಿ ಜರ್ಮನಿಯ ಫುಟ್‌ಬಾಲ್ ವಿಶ್ವಕಪ್‌ಗೆ ಪಂದ್ಯದ ಟಿಕೆಟ್ಟೇ ಊರೊಳಗಿನ ಬಸ್ಸು, ರೈಲಿಗೂ ಟಿಕೆಟ್ ಆಗಿತ್ತು. ನಮ್ಮಲ್ಲೂ ಪ್ರವೇಶ ಚೀಟಿಯಲ್ಲೇ ಬಸ್ಸಿನ ಚಾರ್ಜ್ ಸೇರಿಸಿದರೆ ಗಂಡಸರೂ ಬಸ್ಸು ಹತ್ತುತ್ತಾರೆ.

ಜೊತೆಗೆ ಇನ್ನೊಂದು ದಾರಿ ಕೇಳಿ, ದಯವಿಟ್ಟು. 2025ರ ಜೂನ್ 4ರಂದು ಅದೇ ಚಿನ್ನಸ್ವಾಮಿಯ ಗೇಟುಗಳ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ಚಿಕ್ಕ ಪ್ರಾಯದವರು. ಒಂದೇ ದಾರಿಯ ಕೊನೆಗೆ ಕ್ರೀಡಾಂಗಣ ಕಟ್ಟುವುದನ್ನ ನೆನೆಸಿದರೆ ನನಗೆ ಭಯ ಆಗುತ್ತೆ.

1ನೇ ಕ್ರಾಸ್, ಟ್ಯಾಂಕಿ ಎದುರು

ಎರಡನೇ ದಾರಿ ಆಗದೇ ಕಟ್ಟಡ ಶುರು ಮಾಡಬಾರದು ಅಂತ ಬರೆದರೆ ನಾನೂ ಸಹಿ ಹಾಕ್ತೇನೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಅಂತಲೂ ಸೇರಿಸಿ. ಕಟ್ಟಡದ ಹೊರಗೆ ಅದು ನಿಷಿದ್ಧ ಅಂತ 2000ದ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ.

ವಕೀಲರು (2ನೇ ಕ್ರಾಸ್)

ಇಬ್ಬರ ಮಾತೂ ಸೇರಿಸೋಣ. ಕಾನೂನಿನ ಕಡೆಯಿಂದ ಇಷ್ಟು. ಪಂದ್ಯದ ದಿನ ಯಾವ ರಸ್ತೆಗೆ ವಾಹನ ಬಿಡಬಾರದು, ಎಲ್ಲಿ ನಿಲ್ಲಿಸಬೇಕು ಅಂತ ಆದೇಶ ಹೊರಡಿಸಲು ಮೋಟಾರು ವಾಹನ ಕಾಯ್ದೆ 1988ರ ಕಲಂ 115 ಮತ್ತು 117ರಲ್ಲಿ ಅವಕಾಶ ಇದೆ. ಅಡ್ಡ ನಿಲ್ಲಿಸಿದ ಗಾಡಿ ಎತ್ತಿಸಲು ಕಲಂ 127. ಅಂದರೆ ನಮ್ಮ ಒಳರಸ್ತೆಗಳಿಗೆ ನಿವಾಸಿಗಳ ವಾಹನ, ಆ್ಯಂಬುಲೆನ್ಸ್, ಅಗ್ನಿಶಾಮಕ ಮಾತ್ರ ಬಿಡಿ ಅಂತ ಕೇಳೋದು ಕಾಯ್ದೆಯೊಳಗಿನ ಮಾತು. ಮನವಿ ಜಿಲ್ಲಾಧಿಕಾರಿಗಳಿಗೆ, ಸಹಾಯಕ ಆಯುಕ್ತರ ಮೂಲಕ. ಅವರ ಕಚೇರಿ ಇಲ್ಲೇ ಇರುವುದರಿಂದ ಕಾರವಾರಕ್ಕೆ ಹೋಗಬೇಕಿಲ್ಲ.

ಕಟ್ಟಡದ ಒಟ್ಟು ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಮುಂಚಿತ ಪರಿಸರ ಅನುಮತಿ ಬೇಕು. ನಮ್ಮದು ಅಷ್ಟು ದೊಡ್ಡದೋ ಅಲ್ಲವೋ ತಿಳಿಯಲು ಮಾಹಿತಿ ಹಕ್ಕಿನಲ್ಲಿ ಕೇಳೋಣ. ಅರ್ಜಿಗೆ 10 ರೂಪಾಯಿ, 30 ದಿನದೊಳಗೆ ಉತ್ತರ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಎಲ್ಲ ಸಿಟ್ಟನ್ನೂ ಒಂದೇ ಹಾಳೆಯಲ್ಲಿ ತುಂಬಿದರೆ ಅದೇ ನೆಪದಲ್ಲಿ ವಾಪಸ್ ಬರುತ್ತೆ. ಹಾಗಾಗಿ ಮೂರು ಅರ್ಜಿ: ಆಸನ ಎಷ್ಟು ಮತ್ತು ಕಟ್ಟಡದ ವಿಸ್ತೀರ್ಣ ಎಷ್ಟು; ಪಾರ್ಕಿಂಗ್ ಮತ್ತು ರಸ್ತೆಯ ನಕ್ಷೆ; ಬಸ್ಸಿನ ವಿಷಯದಲ್ಲಿ ಸಾರಿಗೆ ಸಂಸ್ಥೆ ಜೊತೆ ನಡೆದ ಪತ್ರ ವ್ಯವಹಾರ.

4ನೇ ಕ್ರಾಸ್, ತೋಟದ ಮನೆ

ಹಾಗಾದರೆ ನನ್ನ ಗದ್ದೆ ಬೇಡ್ವಾ?

ನಿವೃತ್ತ ಇಂಜಿನಿಯರ್ (2ನೇ ಕ್ರಾಸ್)

ಬೇಸಿಗೆಗೆ ಬೇಕು ಅಣ್ಣ, ಬೈಕಿಗೆ ಮಾತ್ರ. ಮಣ್ಣು ತುಂಬಿಸದೆ, ಗದ್ದೆ ಗದ್ದೆಯಾಗೇ ಇರಲಿ. ಬನವಾಸಿ ರಸ್ತೆ ಕಡೆಯಿಂದಲೇ ಒಳಗೆ ಬಂದು ಆ ಕಡೆಯಿಂದಲೇ ಹೊರಗೆ ಹೋದರೆ ಬಡಾವಣೆಯೊಳಗೆ ಗಾಡಿ ಬರುವ ಪ್ರಶ್ನೆಯೇ ಇಲ್ಲ.

ಸಂಚಾಲಕಿ (3ನೇ ಕ್ರಾಸ್), ಶುಕ್ರವಾರ ರಾತ್ರಿ

ಮನವಿಯ ಕರಡು ಹೀಗಿದೆ. ತಿದ್ದುವವರು ನಾಳೆ ಸಂಜೆಯೊಳಗೆ ತಿದ್ದಿ.

“ಒಳಾಂಗಣ ಕ್ರೀಡಾಂಗಣವನ್ನು ನಾವು ಸ್ವಾಗತಿಸುತ್ತೇವೆ. ಅದಕ್ಕೆ ಮಂಜೂರಾತಿ ಕೊಡುವಾಗಲೇ ಸಾರಿಗೆ ವ್ಯವಸ್ಥೆಯನ್ನೂ ಲಿಖಿತವಾಗಿ ಸೇರಿಸಬೇಕೆಂದು ಕೋರುತ್ತೇವೆ. ಬನವಾಸಿ ರಸ್ತೆಯ ಕ್ರಾಸಿನಲ್ಲಿ ತಂಗುದಾಣ ಮತ್ತು ಅಧಿಕೃತ ನಿಲುಗಡೆ ಆಗಬೇಕು. ಅಭ್ಯಾಸದ ಸಮಯಕ್ಕೆ ಹೊಂದುವಂತೆ ದಿನನಿತ್ಯದ ಬಸ್ಸು ಬೇಕು. ಪಂದ್ಯ ಮುಗಿದ ಮೇಲೆ ಹುಲೇಕಲ್, ವಾನಳ್ಳಿ, ಬನವಾಸಿ ಹಾಗೂ ಸಿದ್ದಾಪುರ ಮಾರ್ಗಗಳಿಗೆ ಹೆಚ್ಚುವರಿ ಸಾಮಾನ್ಯ ಬಸ್ಸು ಹೊರಡಬೇಕು. ಆ ಬಸ್ಸುಗಳ ವೇಳೆಯನ್ನು ಪಂದ್ಯದ ಕರಪತ್ರದಲ್ಲೇ ಅಚ್ಚು ಹಾಕಬೇಕು. ಬಡಾವಣೆಯನ್ನು ಹಾಯದ ಎರಡನೇ ರಸ್ತೆ ಸಿದ್ಧವಾಗುವ ಮೊದಲು ಕಟ್ಟಡದ ಕೆಲಸ ಆರಂಭಿಸಬಾರದು. ಪಂದ್ಯದ ದಿನಗಳಲ್ಲಿ ಒಳರಸ್ತೆಗಳಲ್ಲಿ ವಾಹನ ನಿಲುಗಡೆ ನಿಷೇಧಿಸಬೇಕು. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಬಾರದು.”

ವೇಳೆಯನ್ನು ಅಚ್ಚು ಹಾಕಬೇಕು ಅನ್ನುವ ಸಾಲನ್ನು ಯಾರೂ ತೆಗೀಬೇಡಿ. ಬಸ್ಸು ಬಿಟ್ಟರೂ ಅದು ಇದೆ ಅಂತ ವಾನಳ್ಳಿಯ ಮನೆಗಳಿಗೆ ಬೆಳಿಗ್ಗೆಯೇ ಗೊತ್ತಾಗದಿದ್ದರೆ ಹುಡುಗರು ಬೈಕಿನ ಕೀಲಿ ತಗೊಂಡೇ ಹೊರಡ್ತಾರೆ. ನಾಲ್ಕು ಪಂದ್ಯಕ್ಕೆ ಖಾಲಿ ಓಡಿದ ಬಸ್ಸನ್ನು ಐದನೆಯದಕ್ಕೆ ರದ್ದು ಮಾಡ್ತಾರೆ, ಅಲ್ಲಿಗೆ ನಮ್ಮ ಕೆಲಸವೂ ಹೋಯ್ತು.

5ನೇ ಕ್ರಾಸ್, ಮೂಲೆ ಮನೆ

ಆ್ಯಂಬುಲೆನ್ಸ್ ದಾರಿ ಬೇರೆ ಸಾಲಾಗಿ ಬರಲಿ ಅಕ್ಕೋರೆ. ‘ನಿಲುಗಡೆ ನಿಷೇಧ’ದೊಳಗೆ ಮುಳುಗೋದು ಬೇಡ. 5ನೇ ಕ್ರಾಸಿನ ತಿರುವಿನಲ್ಲಿ ಹಳದಿ ಗೆರೆ, ಪಂದ್ಯದ ದಿನ ಅಲ್ಲೊಬ್ಬ ಹೋಂಗಾರ್ಡ್.

ಸಂಚಾಲಕಿ (3ನೇ ಕ್ರಾಸ್)

ಸೇರಿಸಿದೆ. ಭಾನುವಾರ ನಾಲ್ಕು ಗಂಟೆಗೆ ಪಾರ್ಕಿನ ಮಂಟಪದಲ್ಲಿ ಸಹಿ. ಮಾಹಿತಿ ಹಕ್ಕಿನ ಮೂರು ಅರ್ಜಿ ವಕೀಲರು ಬರೆದು ತರ್ತಾರೆ, ಪೋಸ್ಟಲ್ ಆರ್ಡರ್ ನನ್ನದು. ಕಂಡಕ್ಟರ್ ಅಣ್ಣ ಸೋಮವಾರ ವಿಭಾಗೀಯ ಕಚೇರಿಗೆ ನನ್ನ ಜೊತೆ ಬರಬೇಕು. ವಾನಳ್ಳಿ ತಮ್ಮಾ, ನಿಮ್ಮೂರ ಯುವಕ ಸಂಘದಿಂದಲೂ ಇದೇ ಕರಡಿನ ಮೇಲೆ ಬೇರೆ ಸಹಿ ಮಾಡಿಸಿ ತಾ. ಬಸ್ಸು ಹತ್ತುವವರ ಸಹಿಗೆ ಆ ಕಚೇರಿಯಲ್ಲಿ ನಮ್ಮ ಸಹಿಗಿಂತ ತೂಕ ಜಾಸ್ತಿ.

ಕಾಲೇಜು ಹುಡುಗ (3ನೇ ಕ್ರಾಸ್)

ಆಯ್ತು ಅಕ್ಕೋರೆ. ನಾಳೆ ಬೆಳಿಗ್ಗೆ ಊರಿಗೆ ಹೋಗ್ತಾ ಇದ್ದೇನೆ, ಹುಡುಗಿಯರ ಕಬಡ್ಡಿ ತಂಡದ ಸಹಿಯನ್ನೂ ಹಾಕಿಸ್ತೇನೆ.