ಸೋಫಿ ವಿಚಾರಕ್ಕೆ ನಮ್ಮ ಬಳಗದಲ್ಲಿ ಆದ ಜಗಳ

ಗುಂಪು: ಹೊಸಮನೆ ಬಳಗ
ಶನಿವಾರ

ಅನುಷಾ (ನ್ಯೂಜೆರ್ಸಿ)
ದೊಡ್ಡಮ್ಮ, ನೀವು ಓದು ಓದು ಅಂತಿದ್ದ 'ದಿ ಗ್ರ್ಯಾಂಡ್ ಸೋಫಿ' ಮುಗಿಸಿದೆ. ಇಲ್ಲಿ ನಮ್ಮ ಓದುಗರ ಬಳಗದಲ್ಲೂ ಈ ತಿಂಗಳು ಅದೇ ಪುಸ್ತಕ ಇಟ್ಕೊಂಡಿದ್ವಿ. ಯಾರ್ಯಾರು ಏನು ಹೇಳಿದರು ಅಂತ ಬರೆದುಕೊಂಡ ಹಾಳೆಯ ಫೋಟೊ ಹಾಕಿದೀನಿ.
[ಫೋಟೊ]
ಅಕ್ಷರ ಕಾಣದವರಿಗೆ ಸಾರಾಂಶ: ಅರ್ಧ ಜನಕ್ಕೆ ಸೋಫಿ ಅಂದ್ರೆ ಪ್ರಾಣ. ಇಬ್ಬರು, ಬಡ್ಡಿ ಸಾಲದ ಗೋಲ್ಡ್‌ಹ್ಯಾಂಗರ್ ಬರೋ ಕಡೆ ಪುಸ್ತಕ ಮುಚ್ಚಿಟ್ಟು ಮತ್ತೆ ತೆಗೀಲಿಲ್ಲ. ಮೂರ್ನಾಲ್ಕು ಜನಕ್ಕೆ ಸೋಫಿ ಕೊನೇಲಿ ಚಾರ್ಲ್ಸ್‌ನ ಮದುವೆ ಆಗೋದೇ ಅಸಹ್ಯ, ಇಬ್ಬರೂ ಕಸಿನ್ಸ್ ಅಂತ.

ಪದ್ಮ ಅತ್ತೆ
ಅಸಹ್ಯ ಅಂದ್ರೆ? ಏನು ಕಸಿನ್ಸು? ಸಂಬಂಧ ಸರಿಯಾಗಿ ಹೇಳು ಅನು.

ವಿಜಯಾ ದೊಡ್ಡಮ್ಮ
ನಾನು ಹೇಳ್ತೀನಿ ಪದ್ಮ. ಜಾರ್ಜೆಟ್ ಹೇಯರ್ 1950ರಲ್ಲಿ ಬರೆದ ಕಾದಂಬರಿ ಇದು. ಕಥೆ ನಡೆಯೋದು ರೀಜೆನ್ಸಿ ಕಾಲದಲ್ಲಿ. ಮೂರನೇ ಜಾರ್ಜ್ ದೊರೆಗೆ ಬುದ್ಧಿ ಸ್ವಾಧೀನ ತಪ್ಪಿ, ಅವನ ಮಗ 1811ರಿಂದ 1820ರವರೆಗೆ ಅಪ್ಪನ ಪರವಾಗಿ ಆಳಿದನಲ್ಲ, ಆ ಕಾಲ. ವಾಟರ್ಲೂ ಯುದ್ಧ ಆಗತಾನೇ ಮುಗಿದಿದೆ. ಸರ್ ಹೊರೇಸ್ ಸ್ಟ್ಯಾಂಟನ್-ಲೇಸಿ ಅನ್ನೋ ರಾಯಭಾರಿಗೆ ಬ್ರೆಜಿಲ್‌ಗೆ ಹೋಗೋ ಕೆಲಸ ಬರುತ್ತೆ. ತಾಯಿ ಇಲ್ಲದ ಮಗಳು ಸೋಫಿಯನ್ನ ಲಂಡನ್ನಿನ ಬರ್ಕ್ಲಿ ಸ್ಕ್ವೇರ್‌ನಲ್ಲಿರೋ ಸೋದರಿಯ ಮನೆಯಲ್ಲಿ ಬಿಡ್ತಾನೆ. ಹುಡುಗಿ ನಾಯಿ, ಗಿಳಿ, ಕೋತಿ, ಕುದುರೆ ಸಮೇತ ಬಂದಿಳೀತಾಳೆ. ಆ ಮನೆಯ ಯಜಮಾನ ಜೂಜಿನಲ್ಲಿ ಕಳೆದವನು. ಹಿರಿಯರೊಬ್ಬರಿಂದ ಬಂದ ಆಸ್ತಿಯಲ್ಲಿ ಅಪ್ಪನ ಸಾಲ ತೀರಿಸ್ತಾ, ಮನೆಯವರ ಮೇಲೆಲ್ಲ ಸಿಡಿಮಿಡಿ ಅಂತಿರೋನು ಹಿರಿಮಗ ಚಾರ್ಲ್ಸ್.

ಪದ್ಮ ಅತ್ತೆ
ಅಂದ್ರೆ ಚಾರ್ಲ್ಸ್‌ಗೆ ಸೋಫಿ ಸೋದರಮಾವನ ಮಗಳು. ವರಸೆ ಸರಿಯಾಗೇ ಇದೆಯಲ್ಲ! ನಿಮ್ಮ ಮಾವನಿಗೆ ನಾನೂ ಸೋದರಮಾವನ ಮಗಳೇ. ಅಲ್ಲಿ ಕೂತವರು ಅಸಹ್ಯ ಅಂದರೆ ನನಗೆ ನೋವಾಗುತ್ತೆ ಅನು.

ಅನುಷಾ (ನ್ಯೂಜೆರ್ಸಿ)
ಅತ್ತೆ, ಅಲ್ಲೂ ನಾನು ಸುಮ್ಮನಿರಲಿಲ್ಲ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಇಂಥ ಮದುವೆಗೆ ಕಾನೂನಿನ ಒಪ್ಪಿಗೆ ಇಲ್ಲ, ಅದಕ್ಕೇ ಇವರಿಗೆ ಹಾಗೆ ಅನ್ಸುತ್ತೆ. ಆದರೆ ಇಂಗ್ಲೆಂಡಲ್ಲಿ ಆಗಲೂ ಒಪ್ಪಿಗೆ ಇತ್ತು, ಈಗಲೂ ಇದೆ. ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಮದುವೆ ಆದ ಎಮ್ಮಾ ವೆಜ್‌ವುಡ್ ಅವನ ಸೋದರಮಾವನ ಮಗಳು. ಮಾರನೇ ವರ್ಷ ವಿಕ್ಟೋರಿಯಾ ರಾಣಿ ಮದುವೆ ಆಗಿದ್ದೂ ತಾಯಿಯ ಅಣ್ಣನ ಮಗನನ್ನ. ಹೇಯರ್ ಕಥೆ ನಡೆಯೋ ಕಾಲಕ್ಕೆ ಸರಿಯಾಗೇ ಬರೆದಿದ್ದಾಳೆ ಅಂತ ಹೇಳಿದೆ.

ಕಾರ್ತಿಕ್
ಅದೇ ಡಾರ್ವಿನ್‌ಗೆ ಮುಂದೆ ತನ್ನ ಮಕ್ಕಳ ಆರೋಗ್ಯ ನೋಡಿ ಅದೇ ಚಿಂತೆ ಹತ್ತಿತ್ತು. 1871ರ ಜನಗಣತಿಯಲ್ಲಿ ಇಂಥ ಮದುವೆಗಳ ಬಗ್ಗೆ ಒಂದು ಪ್ರಶ್ನೆ ಸೇರಿಸಿ ಅಂತ ಪ್ರಯತ್ನ ಪಟ್ಟ, ಪಾರ್ಲಿಮೆಂಟ್ ಒಪ್ಪಲಿಲ್ಲ. ಅತ್ತೆ, ನಿಮಗೆ ಅಂತ ಹೇಳ್ತಿಲ್ಲ. ಆದರೆ ಅವರು ಕೇಳಿದ ಪ್ರಶ್ನೆ ಬರೀ ಅಜ್ಞಾನದ ಪ್ರಶ್ನೆ ಅಲ್ಲ.

ಮಾಲತಿ ಚಿಕ್ಕಮ್ಮ
ನನ್ನ ತಕರಾರು ಬೇರೆ. ನಮ್ಮಲ್ಲಿ ತೊಟ್ಟಿಲಲ್ಲಿರೋವಾಗಲೇ 'ಇವಳು ಇವನಿಗೆ' ಅಂತ ಮಾತಾಗಿಬಿಡ್ತಿತ್ತು. ಎಷ್ಟು ಹುಡುಗಿಯರು ಬಾಯಿ ಬಿಡಲಾರದೆ ಒಪ್ಪಿಕೊಂಡರು! ಸೋಫಿಗೆ ಯಾರೂ ಹಾಗೆ ಮಾತು ಕೊಟ್ಟಿರಲಿಲ್ಲ, ಅವಳೇ ಆರಿಸಿಕೊಂಡಳು. ಎರಡೂ ಒಂದೇ ಅನ್ನೋದಕ್ಕೆ ಆಗಲ್ಲ.

ಪದ್ಮ ಅತ್ತೆ
ನಿನ್ನ ಮಾತು ಒಪ್ತೀನಿ ಮಾಲತಿ. ನನ್ನನ್ನ ಮಾತ್ರ ನಮ್ಮಪ್ಪ ಕೂರಿಸಿಕೊಂಡು ಕೇಳಿದ್ದರು. ಹೋಗ್ತಿರೋದು ಅತ್ತೆ ಮನೆಗೆ ಅನ್ನೋ ಧೈರ್ಯದಿಂದ ನಾನೇ ಹೂಂ ಅಂದೆ.

ವಿಜಯಾ ದೊಡ್ಡಮ್ಮ
ಸೋಫಿ ಆರಿಸಿಕೊಂಡಿದ್ದು ಯಾಕೆ ಅನ್ನೋದನ್ನೂ ನೋಡಿ. ಚಾರ್ಲ್ಸ್‌ನ ಪುಟ್ಟ ತಂಗಿ ಅಮಾಬೆಲ್ ಜ್ವರದಿಂದ ಮಲಗಿದಾಗ ಪಕ್ಕದಲ್ಲಿ ಕೂತು ಆರೈಕೆ ಮಾಡೋಳು ಸೋಫಿ. ಚಾರ್ಲ್ಸ್ ಅವಳನ್ನ ಸರಿಯಾಗಿ ಕಾಣೋದು ಆಗಲೇ. ಅವನ ಗಡಸುತನದ ಕೆಳಗೆ ಮನೆಯ ಭಾರ ಹೊತ್ತ ಮಗನೊಬ್ಬ ಇದ್ದಾನೆ ಅಂತ ಅವಳಿಗೆ ಗೊತ್ತಾಗೋದೂ ಅದೇ ದಿನಗಳಲ್ಲಿ. ನಾನು ಕಾಲೇಜಲ್ಲಿದ್ದಾಗ ಬೆಂಗಳೂರಿನ ಬಾಡಿಗೆ ಲೈಬ್ರರಿಯಿಂದ ತಂದು ರಾತ್ರಿಯೆಲ್ಲ ಓದಿದ ಪುಸ್ತಕ. ಸೇಂಟ್ ಜೇಮ್ಸ್ ಸ್ಟ್ರೀಟ್ ಪ್ರಸಂಗ ನೆನೆದರೆ ಈಗಲೂ ಮೈ ಝುಂ ಅನ್ನುತ್ತೆ. ಗಂಡಸರ ಕ್ಲಬ್ಬುಗಳಿದ್ದ ಬೀದಿ ಅದು. ವೈಟ್ಸ್ ಕ್ಲಬ್ಬಿನ ಕಿಟಕಿಯಲ್ಲಿ ಕೂತವರು ಹೋಗೋ ಬರೋರನ್ನ ದಿಟ್ಟಿಸ್ತಿದ್ದರು, ಹಾಗಾಗಿ ಮರ್ಯಾದಸ್ಥ ಹೆಂಗಸು ಅಲ್ಲಿ ಕಾಲಿಡಬಾರದು. ಚಾರ್ಲ್ಸ್ ಜೊತೆ ಮದುವೆ ಗೊತ್ತಾಗಿದ್ದ ಯೂಜೀನಿಯಾ ಬುದ್ಧಿ ಹೇಳಿ ಹೇಳಿ ತಲೆ ತಿಂದಾಗ, ಸೋಫಿ ಅವಳನ್ನ ಪಕ್ಕದಲ್ಲೇ ಕೂರಿಸಿಕೊಂಡು ಆ ಬೀದಿಯಲ್ಲೇ ಗಾಡಿ ಹೊಡೀತಾಳೆ! ಮದುವೆಯಾದ ಹೆಂಗಸಿಗೆ ತನ್ನ ಆಸ್ತಿ ತನ್ನದು ಅಂತ ಇಂಗ್ಲೆಂಡಿನ ಕಾನೂನು ಪೂರ್ತಿಯಾಗಿ ಒಪ್ಪಿದ್ದು 1882ರಲ್ಲಿ. ಅದಕ್ಕೂ ಎಷ್ಟೋ ಮೊದಲಿನ ಕಾಲದಲ್ಲಿ ಲಗಾಮು ತನ್ನ ಕೈಲಿ ಹಿಡಿದ ಹುಡುಗಿ ಅವಳು.

ಮಾಲತಿ ಚಿಕ್ಕಮ್ಮ
ಅಕ್ಕ, ಲಗಾಮು ತನ್ನದಷ್ಟೇ ಹಿಡಿದಿದ್ದರೆ ಸರಿ. ಊರವರದೆಲ್ಲ ಹಿಡೀತಾಳೆ. ಯಾರು ಯಾರನ್ನ ಮದುವೆ ಆಗಬೇಕು ಅಂತ ತೀರ್ಮಾನಿಸೋಳೂ ಅವಳೇ, ಅದಕ್ಕೆ ಸುಳ್ಳು ಹೇಳೋಳೂ ಅವಳೇ. ಇನ್ನೊಂದು ಮಾತು. ಅವಳು ಬೆಳೆದಿದ್ದು ಸ್ಪೇನ್ ಯುದ್ಧದ ಕಾಲದಲ್ಲಿ, ಆ ಸೈನ್ಯದ ದಂಡನಾಯಕ ವೆಲಿಂಗ್ಟನ್. ಅವನೇ ಆರ್ಥರ್ ವೆಲ್ಲೆಸ್ಲಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಶ್ರೀರಂಗಪಟ್ಟಣ ಅವನ ಕೈಗೆ ಬಂತು. ಮಾರನೇ ವರ್ಷ, ಬ್ರಿಟಿಷರ ವಿರುದ್ಧ ದಂಡು ಕಟ್ಟಿದ್ದ ಧೋಂಡಿಯಾ ವಾಘ್‌ನ ಬೆನ್ನಟ್ಟಿ ಮುಗಿಸಿದ ಸೈನ್ಯವೂ ಅವನದೇ. ಈ ಥರದ ಕಾದಂಬರಿಗಳಲ್ಲಿ ಅವನೊಬ್ಬ ಬರೀ ಧೀರ ಡ್ಯೂಕ್. ನಮ್ಮ ಕಡೆಯಿಂದ ಓದೋರಿಗೆ ಅಷ್ಟು ಸಲೀಸಾಗಿ ಗಂಟಲಲ್ಲಿ ಇಳಿಯಲ್ಲ.

ಕಾರ್ತಿಕ್
ಇದು ನನಗೆ ಹೊಳೆದೇ ಇರಲಿಲ್ಲ ಚಿಕ್ಕಮ್ಮ. ಸರಿಯಾದ ಮಾತು.

ಶ್ರೀಧರ ಮಾವ
ಗೋಲ್ಡ್‌ಹ್ಯಾಂಗರ್ ಕಥೆ ಯಾರೂ ಹೇಳಲಿಲ್ಲ. ಸಾಲದ ವಿಚಾರ ನನಗೂ ಸ್ವಲ್ಪ ಗೊತ್ತು, ಹೇಳಿ.

ಅನುಷಾ (ನ್ಯೂಜೆರ್ಸಿ)
ಚಾರ್ಲ್ಸ್ ತಮ್ಮ ಹ್ಯೂಬರ್ಟ್ ಮಾವ. ಇನ್ನೂ ವಯಸ್ಸಿಗೆ ಬರದ ಹುಡುಗ. ಅಣ್ಣನಿಗೆ ಹೆದರಿ, ಗುಟ್ಟಾಗಿ ಐನೂರು ಪೌಂಡ್ ಸಾಲ ಮಾಡಿರ್ತಾನೆ. ಸೋಫಿ ಮಫ್‌ನಲ್ಲಿ, ಅಂದ್ರೆ ಚಳಿಗೆ ಎರಡೂ ಕೈ ತೂರಿಸಿಕೊಳ್ಳೋ ಬೆಚ್ಚನೆ ಚೀಲದಲ್ಲಿ, ಪಿಸ್ತೂಲು ಅಡಗಿಸಿಕೊಂಡು ಒಬ್ಬಳೇ ಹೋಗಿ, ಅಸಲು ಮಾತ್ರ ಕೊಟ್ಟು ಪತ್ರ ವಾಪಸ್ ತರ್ತಾಳೆ. ವಯಸ್ಸಿಗೆ ಬರದವನಿಗೆ ಸಾಲ ಕೊಟ್ಟಿದ್ದು ಕಾನೂನಿಗೆ ವಿರುದ್ಧ ಅಂತ ಅವನ ಮುಖಕ್ಕೇ ಹೇಳ್ತಾಳೆ.

ಶ್ರೀಧರ ಮಾವ
ಭೇಷ್! ಆ ಕಾಲದ ಇಂಗ್ಲೆಂಡಲ್ಲಿ ನೂರಕ್ಕೆ ಐದಕ್ಕಿಂತ ಜಾಸ್ತಿ ಬಡ್ಡಿ ತಗೊಳ್ಳೋ ಹಾಗಿರಲಿಲ್ಲ. ಆ ಕಾನೂನು ರದ್ದಾಗಿದ್ದು 1854ರಲ್ಲಿ. ಹಾಗಾಗಿ ಅಂಥವನು ಕೋರ್ಟಿಗೆ ಹೋಗೋಕೂ ಆಗ್ತಿರಲಿಲ್ಲ, ಅವನ ಬಲ ಎಲ್ಲ ಬೆದರಿಕೆಯಲ್ಲೇ. ಹುಡುಗಿ ಸರಿಯಾದ ಕಡೆ ಕೈ ಹಾಕಿದ್ದಾಳೆ. ಇದರಲ್ಲಿ ಪುಸ್ತಕ ಮುಚ್ಚಿಡೋದು ಏನಿದೆ?

ಅನುಷಾ (ನ್ಯೂಜೆರ್ಸಿ)
ಅವನು ಯಹೂದಿ ಮಾವ. ಅದೊಂದೇ ಆಗಿದ್ದರೆ ಮಾತಿಲ್ಲ. ಜಿಡ್ಡು ಗುಂಗುರು ಕೂದಲು, ಮೂಗಿನ ವರ್ಣನೆ, ಗಲೀಜು ಕೋಣೆ, ಹಲ್ಕಿರಿಯೋ ಮುಖ, ಕೊನೆಗೆ ಅವನ ನಡವಳಿಕೆಗೆ ಅವನ ಜನಾಂಗದ ಗುಣವೇ ಕಾರಣ ಅನ್ನೋ ಮಾತು. ಇದು ಸೋಫಿ ಬಾಯಲ್ಲಿ ಬಂದಿದ್ದರೆ ಆ ಕಾಲದ ಹುಡುಗಿಯ ಮಾತು ಅಂದುಕೊಳ್ಳಬಹುದಿತ್ತು. ಹೇಳ್ತಿರೋದು ಕಥೆ ಹೇಳೋ ದನಿ. ಅಂದ್ರೆ ಲೇಖಕಿ. ಪುಸ್ತಕ ಮುಚ್ಚಿಟ್ಟ ಇಬ್ಬರಲ್ಲಿ ಒಬ್ಬರು ಯಹೂದಿ. ಅಲ್ಲಿವರೆಗೆ ನಗ್ತಾ ನಗ್ತಾ ಓದ್ತಿದ್ದರಂತೆ. ಆ ಪುಟದಲ್ಲಿ ತನ್ನನ್ನ ಮನೆಯಿಂದ ಆಚೆ ಹಾಕಿದ ಹಾಗಾಯ್ತು ಅಂದರು.

ವಿಜಯಾ ದೊಡ್ಡಮ್ಮ
ಆ ಪುಟಗಳು ಕೆಟ್ಟವು, ಅದನ್ನ ನಾನು ಯಾವತ್ತೂ ಸಮರ್ಥಿಸಿಲ್ಲ. ಆದರೆ ಆ ಕಾಲದ ಇಂಗ್ಲಿಷ್ ಬರಹದಲ್ಲೆಲ್ಲ ಆ ಹಳಸಲು ಚಿತ್ರ ಹರಿದಾಡ್ತಿತ್ತು. ಹೇಯರ್ ಒಬ್ಬಳ ಮೇಲೇ ಹೊರಿಸೋದು ನ್ಯಾಯ ಅಲ್ಲ.

ಕಾರ್ತಿಕ್
ಯಾವ ಕಾಲ ಅಮ್ಮ? ಕಥೆಯ ಕಾಲವೋ, ಬರೆದ ಕಾಲವೋ? 1945ರ ಏಪ್ರಿಲ್‌ನಲ್ಲಿ, ನಾಜಿಗಳು ಯಹೂದಿಗಳನ್ನ ಕೂಡಿಹಾಕಿ ಸಾಯಿಸಿದ್ದ ಬರ್ಗೆನ್-ಬೆಲ್ಸೆನ್ ಶಿಬಿರದ ಒಳಗೆ ಹೋದವರು ಬ್ರಿಟಿಷ್ ಸೈನಿಕರೇ. ಅಲ್ಲಿಯ ಚಿತ್ರಗಳನ್ನ ಲಂಡನ್ನಿನ ಜನ ಪತ್ರಿಕೆಯಲ್ಲಿ ನೋಡಿದ್ದರು, ಸಿನಿಮಾ ಮಂದಿರದ ಸುದ್ದಿಚಿತ್ರದಲ್ಲಿ ನೋಡಿದ್ದರು. ಅದಾದ ಐದೇ ವರ್ಷಕ್ಕೆ ಬಂದ ಪುಸ್ತಕ ಇದು. ಗೊತ್ತಿರಲಿಲ್ಲ ಅನ್ನೋ ಮಾತು ಇಲ್ಲಿ ನಿಲ್ಲಲ್ಲ.

ಅನುಷಾ (ನ್ಯೂಜೆರ್ಸಿ)
ಕಥೆಯ ಕಾಲವನ್ನೇ ತಗೊಂಡರೂ ಅಷ್ಟೇ ಕಾರ್ತಿಕಣ್ಣ. ಯಹೂದಿ ಧರ್ಮ ಬಿಡದವರಿಗೆ ಆಕ್ಸ್‌ಫರ್ಡ್‌ನಲ್ಲಿ ಓದೋಕೆ ಜಾಗ ಇರಲಿಲ್ಲ. ಪಾರ್ಲಿಮೆಂಟಲ್ಲಿ ಕೂರೋಕೆ ಬಿಟ್ಟಿದ್ದು 1858ರಲ್ಲಿ. ಒಂದೊಂದೇ ಬಾಗಿಲು ಹಾಕಿ, ಉಳಿದ ಒಂದು ಕಸುಬು ಹಿಡಿದವನನ್ನ 'ಇದು ಇವರ ಹುಟ್ಟುಗುಣ' ಅನ್ನೋದು. ಬಟ್ಟೆಯ ಹೊಲಿಗೆಯಿಂದ ಹಿಡಿದು ಗಾಡಿಯ ಹೆಸರುಗಳವರೆಗೂ ಎಲ್ಲ ಹುಡುಕಿ ಸರಿಯಾಗಿ ಬರೆದ ಲೇಖಕಿ, ಇದೊಂದನ್ನ ಮಾತ್ರ ಹುಡುಕಲಿಲ್ಲ. ನನಗೆ ಕೋಪ ಬಂದಿದ್ದು ಅದಕ್ಕೇ.

ಮಾಲತಿ ಚಿಕ್ಕಮ್ಮ
ನಮ್ಮ ಹಳೇ ನಾಟಕ, ಸಿನಿಮಾಗಳಲ್ಲೂ ಜಾತಿ ಹಿಡಿದು, ಭಾಷೆ ಹಿಡಿದು ನಗಿಸೋರು. ಸಭೆಯಲ್ಲಿ ಆ ಜಾತಿಯವರೂ ಟಿಕೆಟ್ ತಗೊಂಡು ಕೂತಿರ್ತಿದ್ದರು. ಅವರ ಮುಖ ಯಾರೂ ತಿರುಗಿ ನೋಡಲಿಲ್ಲ.

ಶ್ರೀಧರ ಮಾವ
ಹಾಗಾದರೆ ತೆಗೆದುಹಾಕಲಿ! ನಾಲ್ಕು ಸಾಲು ಹೋದರೆ ಕಥೆಗೆ ಏನು ನಷ್ಟ? ಅವನು ಬರೀ ಬಡ್ಡಿಕೋರ ಅಂತಿದ್ದರೆ ಸಾಕು, ಜನಾಂಗ ಯಾಕೆ?

ಅನುಷಾ (ನ್ಯೂಜೆರ್ಸಿ)
ತೆಗೆದಿದ್ದಾರೆ ಮಾವ. 2023ರಲ್ಲಿ ಅಮೆರಿಕದಲ್ಲಿ ಬಂದ ಹೊಸ ಆವೃತ್ತಿಯಲ್ಲಿ, ಲೇಖಕಿಯ ವಾರಸುದಾರರ ಒಪ್ಪಿಗೆಯಿಂದಲೇ ತಿದ್ದಿದ್ದಾರೆ. ಅದಕ್ಕೆ ಹಿನ್ನುಡಿ ಬರೆಯಬೇಕಿದ್ದವರು ಮೇರಿ ಬ್ಲೈ. ಶೇಕ್ಸ್‌ಪಿಯರ್ ಪಾಠ ಮಾಡೋ ಪ್ರೊಫೆಸರು, ಬೇರೆ ಹೆಸರಲ್ಲಿ ಅವರೂ ರೀಜೆನ್ಸಿ ಕಾದಂಬರಿ ಬರೀತಾರೆ. ಏನು ತಿದ್ದಿದೆ, ಯಾಕೆ ತಿದ್ದಿದೆ ಅಂತ ಓದುಗರಿಗೆ ಬಿಚ್ಚಿ ಹೇಳೋಕೆ ಅವಕಾಶ ಸಿಗದೆ ಅವರು ಹಿಂದೆ ಸರಿದರು.

ಕಾರ್ತಿಕ್
ನನ್ನ ವಿರೋಧ ಇರೋದೇ ಅಲ್ಲಿ. ತಿದ್ದೋದಕ್ಕಿಂತ, ತಿದ್ದಿದ್ದನ್ನ ಮುಚ್ಚಿಡೋದು ಕೆಟ್ಟದ್ದು. ನಾಳೆ ಓದೋ ಹುಡುಗಿಗೆ ಹೇಯರ್ ಇಂಥದ್ದೇನೂ ಬರೆದೇ ಇಲ್ಲ ಅನ್ಸುತ್ತೆ. ಪುಸ್ತಕ ಮುಚ್ಚಿಟ್ಟ ಆ ಹೆಂಗಸು ಏನೋ ಸುಳ್ಳು ಹೇಳ್ತಿದ್ದಾರೆ ಅನ್ಸುತ್ತೆ. ಅವಮಾನ ಆದವರ ಹತ್ತಿರ ಇದ್ದ ಸಾಕ್ಷಿಯನ್ನೂ ಕಿತ್ತುಕೊಂಡ ಹಾಗಾಯ್ತು.

ಶ್ರೀಧರ ಮಾವ
ಸಾಕ್ಷಿಗೆ ಹಳೇ ಪ್ರತಿಗಳು ಲೈಬ್ರರಿಯಲ್ಲಿ ಇರ್ತವೆ ಕಣೋ. ಸಂಶೋಧನೆ ಮಾಡೋರು ಅಲ್ಲಿ ನೋಡಿಕೊಳ್ಳಲಿ. ದುಡ್ಡು ಕೊಟ್ಟು ಮನಸ್ಸಿಗೆ ಹಿತ ಆಗಲಿ ಅಂತ ಓದೋ ಸಾಮಾನ್ಯ ಓದುಗರಿಗೆ ಆ ಗಾಯ ಯಾಕೆ? ಆ ಯಹೂದಿ ಹೆಂಗಸಿಗೆ ಹೊಸ ಪ್ರತಿ ಸಿಕ್ಕಿದ್ದರೆ ಪುಸ್ತಕ ಪೂರ್ತಿ ಓದ್ತಿದ್ದರು. ಅವರ ಸಂತೋಷಕ್ಕೂ ಬೆಲೆ ಇದೆ.

ಅನುಷಾ (ನ್ಯೂಜೆರ್ಸಿ)
ಇದನ್ನ ಅವರನ್ನೇ ಕೇಳಿದೆ ಮಾವ. ಪೂರ್ತಿ ಓದ್ತಿದ್ದೆ, ಆಮೇಲೆ ಒಂದು ದಿನ ಹಳೇ ಪುಟ ಕಣ್ಣಿಗೆ ಬಿದ್ದಿದ್ದರೆ ಇನ್ನೂ ಜಾಸ್ತಿ ನೋವಾಗ್ತಿತ್ತು ಅಂದರು.

ಶ್ರೀಧರ ಮಾವ
ಅವರು ಹಾಗೆ ಹೇಳಿದ ಮೇಲೆ ಅವರ ಪರವಾಗಿ ನಾನು ಮಾತಾಡಲ್ಲ. ಆದರೆ ಎಲ್ಲರೂ ಅವರ ಹಾಗೇ ಯೋಚನೆ ಮಾಡ್ತಾರೆ ಅಂತ ಅಲ್ಲ.

ವಿಜಯಾ ದೊಡ್ಡಮ್ಮ
ಅನು, ನನ್ನ ಹಳೇ ಪ್ರತಿ ನಿನ್ನ ಮಗಳು ಅದಿತಿಗೆ ಅಂತ ಎತ್ತಿಟ್ಟಿದ್ದೆ. ಈ ಡಿಸೆಂಬರ್‌ನಲ್ಲಿ ನೀವು ಬಂದಾಗ ಕೊಡೋಣ ಅಂತ. ಈಗ ಹೇಳು, ಯಾವ ಪ್ರತಿ ಕೊಡಲಿ?

ಮಾಲತಿ ಚಿಕ್ಕಮ್ಮ
ಅವಳಿಗೆ ಇನ್ನೂ ಹದಿಮೂರು ಅಕ್ಕ. ಶಾಲೆಯಲ್ಲಿ ಅವಳ ಆಪ್ತ ಗೆಳತಿಯೇ ಯಹೂದಿ ಮನೆಯವಳು. ಇಬ್ಬರೂ ಒಂದೇ ಪುಸ್ತಕ ಹಂಚಿಕೊಂಡು ಓದ್ತಾರೆ. ಆ ಪುಟ ಆ ಮಗುವಿನ ಕೈಗೆ ನಮ್ಮ ಮನೆಯಿಂದ ಹೋಗಬೇಕಾ?

ಪದ್ಮ ಅತ್ತೆ
ಇದು ಯೋಚನೆ ಮಾಡಬೇಕಾದ ಮಾತು.

ಅನುಷಾ (ನ್ಯೂಜೆರ್ಸಿ)
ಹಳೇದೇ ಕೊಡಿ ದೊಡ್ಡಮ್ಮ. ಅವಳು ಒಬ್ಬಳೇ ಓದೋಕೆ ಬಿಡಲ್ಲ, ಆ ಅಧ್ಯಾಯ ಜೊತೆಗೆ ಕೂತು ಓದ್ತೀನಿ. ಗೆಳತಿಗೆ ಕೊಡೋ ಮೊದಲು ಇದರಲ್ಲಿ ಹೀಗಿದೆ ಅಂತ ಅವಳೇ ಹೇಳಬೇಕು. ಹೇಳೋಕೆ ನಾಚಿಕೆ ಆಗುತ್ತೆ, ಆಗಲಿ. ಓದೋದು ಬಿಡೋದು ಆ ಹುಡುಗಿ ಮತ್ತು ಅವರ ಮನೆಯವರಿಗೆ ಬಿಟ್ಟಿದ್ದು.

ವಿಜಯಾ ದೊಡ್ಡಮ್ಮ
ಹಾಗಾದರೆ ನನ್ನದೂ ಒಂದು ಕೆಲಸ ಇದೆ. ಪ್ರಕಾಶಕರು ಹಾಕದ ಹಿನ್ನುಡಿಯನ್ನ ನಾನು ಬರೀತೀನಿ. ಎರಡು ಹಾಳೆ ಬರೆದು ಆ ಅಧ್ಯಾಯದ ಮುಂದೆ ಅಂಟಿಸ್ತೀನಿ. 1858, 1945, ಶ್ರೀಧರನ ನೂರಕ್ಕೆ ಐದು ಬಡ್ಡಿ, ಎಲ್ಲ ಬರೀತೀನಿ. ಇಷ್ಟಾದರೂ ನಾನು ಸೋಫಿಯನ್ನ ಯಾಕೆ ಪ್ರೀತಿಸ್ತೀನಿ ಅನ್ನೋದನ್ನೂ ಬರೀತೀನಿ. ಅದನ್ನ ಬಿಟ್ಟುಕೊಡಲ್ಲ.

ಕಾರ್ತಿಕ್
ಚಿಕ್ಕಮ್ಮ ಹೇಳಿದ ಶ್ರೀರಂಗಪಟ್ಟಣವೂ ಅದರಲ್ಲಿ ಇರಲಿ ಅಮ್ಮ.

ವಿಜಯಾ ದೊಡ್ಡಮ್ಮ
ಇರುತ್ತೆ. ಡಿಸೆಂಬರ್‌ನಲ್ಲಿ ಅದಿತಿಯನ್ನ ಅಲ್ಲಿಗೆ ಕರ್ಕೊಂಡೂ ಹೋಗೋಣ. ಅನು, ಅವಳಿಗೆ ಇಂಗ್ಲಿಷಲ್ಲಿ ಬರೀಲಾ, ಕನ್ನಡದಲ್ಲಿ ಬರೀಲಾ?

ಅನುಷಾ (ನ್ಯೂಜೆರ್ಸಿ)
ಕನ್ನಡದಲ್ಲೇ ಬರೀರಿ. ನಿಧಾನಕ್ಕೆ ಕೂಡಿಸಿಕೊಂಡು ಓದ್ತಾಳೆ, ಅರ್ಥ ಆಗದ ಕಡೆ ನಾನಿದ್ದೀನಿ.

ಮಾಲತಿ ಚಿಕ್ಕಮ್ಮ
ನೀವೆಲ್ಲ ತೀರ್ಮಾನ ಮಾಡಿದಿರಿ, ಆದರೆ ನನ್ನ ಮಾತು ಅದೇ. ಹದಿಮೂರಕ್ಕೆ ಬೇಡ, ಹದಿನಾರಾಗಲಿ. ಅನು, ನೀನು ಮತ್ತೆ ಯೋಚನೆ ಮಾಡು. ನಾಳೆ ಬೆಳಗ್ಗೆ ಫೋನ್ ಮಾಡ್ತೀನಿ.