ಮಕ್ಕಳಿಂದ ಮಾರ್ಕ್‌ಡೌನ್‌ನಲ್ಲಿ ಪಾಠ ಬರೆಸುವುದು ಹೇಗೆ?

ಬದಿಯಡ್ಕ ಟೀಚರ್:
ನಮ್ಮ ಶಾಲೆಯ ಐಟಿ ಕ್ಲಬ್ಬು ಲಿಟಲ್ ಕೈಟ್ಸ್‌ನ ಮಕ್ಕಳ 5 ಗುಂಪುಗಳಿಂದ ನಮ್ಮ ಕಡೆಯ ನೀರಿನ ಸುರಂಗಗಳ ಬಗ್ಗೆ ಒಂದು ಡಿಜಿಟಲ್ ಪಾಠ ಮಾಡಿಸಬೇಕು. ಲಿಬ್ರೆ ಆಫೀಸ್‌ನಲ್ಲಿ ಬರೆಸಿದರೆ ಒಂದೊಂದು ಗುಂಪಿನದು ಒಂದೊಂದು ಫಾಂಟು, ಒಂದೊಂದು ಅಳತೆ. ಬರೇ ಪಠ್ಯದಲ್ಲಿ ಸರಳ ಗುರುತು ಹಾಕಿ ಬರೆಯುವ ಮಾರ್ಕ್‌ಡೌನ್ ಸಾಕೇ, ವೆಬ್ ಪುಟದ ಎಚ್‌ಟಿಎಂಎಲ್ಲೇ ಬೇಕೇ?

ಪೆರ್ಲ ಲಿನಕ್ಸ್:
ಮಾರ್ಕ್‌ಡೌನ್ ಧಾರಾಳ ಸಾಕು ಟೀಚರ್. ತಲೆಬರಹ, ಪಟ್ಟಿ, ದಪ್ಪಕ್ಷರ, ಚಿತ್ರ, ಕೊಂಡಿ: ಇಷ್ಟರ ಗುರುತು ಕಲಿಸಿ. ಕಡತದ ರೂಪ ಬದಲಿಸುವ ತಂತ್ರಾಂಶ ಪ್ಯಾನ್‌ಡಾಕ್ ಅದೇ ಕಡತದಿಂದ ಎಚ್‌ಟಿಎಂಎಲ್, ಇಪಬ್ (ಇ-ಪುಸ್ತಕ) ಎರಡನ್ನೂ ಮಾಡಿಕೊಡುತ್ತದೆ. ಪಿಡಿಎಫ್‌ಗೆ ಮಾತ್ರ ಎಂಜಿನ್ (ಪುಟ ಜೋಡಿಸುವ ತಂತ್ರಾಂಶ) ಝೀಲೇಟೆಕ್ ಎಂದೂ ಮುಖ್ಯ ಫಾಂಟ್ ನೋಟೋ ಸೆರಿಫ್ ಕನ್ನಡ ಎಂದೂ ಹೇಳಿ. ಫಾಂಟ್ ಹೇಳದಿದ್ದರೆ ಕನ್ನಡ ಇರಬೇಕಾದಲ್ಲೆಲ್ಲ ಖಾಲಿ ಜಾಗ ಬರುತ್ತದೆ.

ಮಕ್ಕಳು ಎಡವುವುದು ಸಣ್ಣ ಸಂಗತಿಗಳಲ್ಲಿ. ತಲೆಬರಹದ ಗುರುತು # ಆದ ಮೇಲೆ ಒಂದು ಸ್ಪೇಸ್ ಬೇಕು. ತಲೆಬರಹಕ್ಕೂ ಪಟ್ಟಿಗೂ ಮೊದಲು ಒಂದು ಖಾಲಿ ಸಾಲು ಬೇಕು. ನೋಟ್‌ಬುಕ್ಕಿನ ಅಭ್ಯಾಸದಂತೆ ಪ್ಯಾರಾ ಶುರುವಿಗೆ 4 ಸ್ಪೇಸ್ ಬಿಟ್ಟರೆ ಅದು ಪ್ರೋಗ್ರಾಂ ಕೋಡ್ ಎಂದಾಗಿಬಿಡುತ್ತದೆ. ಪಟ್ಟಿಗೆ ೧, ೨ ಎಂದು ಕನ್ನಡ ಅಂಕಿ ಹಾಕಿದರೆ ಪಟ್ಟಿಯೇ ಆಗುವುದಿಲ್ಲ, 1, 2 ಎಂದೇ ಬರೆಸಿ.

ಬದಿಯಡ್ಕ ಟೀಚರ್:
ಪಾಠದಲ್ಲಿ ಹಾಕಿದ ಪಾಡ್ದನದ (ತುಳು ಜನಪದ ಹಾಡಿನ) ಸಾಲುಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಗದ್ಯ ಆಗುತ್ತಿವೆಯಲ್ಲ?

ಪೆರ್ಲ ಲಿನಕ್ಸ್:
ಪ್ರತಿ ಸಾಲಿನ ಮೊದಲಿಗೆ | ಗೆರೆ, ಒಂದು ಸ್ಪೇಸ್. ಸಾಲು ಇದ್ದಂತೆಯೇ ಉಳಿಯುತ್ತದೆ.

ಮಂಜೇಶ್ವರ ಮಾಷ್ಟ್ರು:
ಗುಂಪಿಗೊಂದು ಕಡತ ಕೊಡಿ, ಹೆಸರು 01, 02 ಎಂದಿರಲಿ. ಬರೇ 1, 2 ಎಂದಿಟ್ಟು ಮುಂದೆ ಕಡತ ಹತ್ತಾದರೆ 1ರ ಬೆನ್ನಿಗೇ 10 ಬಂದು ಕೂರುತ್ತದೆ. ಎರಡು ಗುಂಪಿನವರೂ ಅಡಿಟಿಪ್ಪಣಿಗೆ 1 ಎಂದೇ ಹಾಕಿದರೆ ಕಡತ ಸೇರಿಸುವಾಗ ಘರ್ಷಣೆ. ಒಂದೊಂದು ಕಡತವನ್ನೂ ಬೇರೆಬೇರೆಯಾಗಿ ಓದಿ ಆಮೇಲೆ ಸೇರಿಸುವ ಪ್ಯಾನ್‌ಡಾಕ್‌ನ ಫೈಲ್ ಸ್ಕೋಪ್ ಆಯ್ಕೆ ಅದಕ್ಕೇ ಇರುವುದು.

ಗುರುತು ಹಾಕುವುದು ಮಕ್ಕಳಿಗಿರಲಿ, ಅಧ್ಯಾಪಕರು ವಿಷಯವನ್ನೂ ಅಕ್ಷರವನ್ನೂ ನೋಡಿದರಾಯಿತು. ಅಕ್ಷರದ್ದೇ ದೊಡ್ಡ ಕೆಲಸ ಎನ್ನಿ. ನುಡಿ ತಂತ್ರಾಂಶದ ಹಳೇ ಫಾಂಟಿನ ನೋಟ್ಸನ್ನು ಯೂನಿಕೋಡಿಗೆ ತಂದಾಗ ಅರ್ಕಾವತ್ತು ತಪ್ಪುವುದುಂಟು: ಅಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡಿನಲ್ಲಿ ರ್ ಮೊದಲು ಬರಬೇಕು. 'ಸೂರ್ಯ', 'ವರ್ಷ' ಎಂದು ಹುಡುಕಿ ನೋಡಿ. ಕಣ್ಣಿಗೆ ಕಂಡ ಪದ ಹುಡುಕಾಟದಲ್ಲಿ ಸಿಗದಿದ್ದರೆ ಪರಿವರ್ತನೆ ಕೆಟ್ಟಿದೆ.

ಚಿತ್ರದ ವಿವರಣೆಗೆ 'ಚಿತ್ರ 1' ಎಂದು ಬರೆಯಲು ಬಿಡಬೇಡಿ. 'ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿ' ಎಂದಿದ್ದರೆ ಕಣ್ಣು ಕಾಣದ ಮಗುವಿಗೂ ಪಾಠ ತಲುಪುತ್ತದೆ. ಕಡತದ ತಲೆಯಲ್ಲಿ ಭಾಷೆ ಕನ್ನಡ ಎಂದೂ ನಮೂದಿಸಿ, ಇಲ್ಲದಿದ್ದರೆ ಓದಿ ಹೇಳುವ ತಂತ್ರಾಂಶ ಇಂಗ್ಲಿಷ್ ದನಿಯಲ್ಲಿ ತೊಡಗಬಹುದು.